ಹೆಬ್ಬೆಟ್ಟು ಚಿತ್ರದ ವರ್ಷ

ಬಟ್ಟೆಯನ್ನು ಬಿಸಿನೀರಿಗೆ ಅದ್ದಿ, ತೊಟ್ಟಿಕ್ಕದ ಹಾಗೆ ಹಿಂಡಿ, ಚಿತ್ರದ ಎಡಗಡೆಯ ಮೇಲ್ಮೂಲೆಯಿಂದ ಒರೆಸುತ್ತಾ ಬರಬೇಕು. ಮೊದಲು ಆಕಾಶ, ಆಮೇಲೆ ಗುಡ್ಡ, ಆಮೇಲೆ ಮನೆಗಳ ಸಾಲು, ಗದ್ದೆ, ಕೊನೆಗೆ ಕೆರೆ. ಉಜ್ಜಬಾರದು, ಕೂಸಿನ ಬೆನ್ನು ಸವರಿದ ಹಾಗೆ ಸವರಬೇಕು. ನೊಣ ಕೂತು ಹೋದ ಗುರುತಿದ್ದರೆ ಉಗುರು ತಾಗಿಸದೆ ಬಟ್ಟೆಯ ತುದಿಯನ್ನು ಅಲ್ಲಿಟ್ಟು, ಅದು ನೆನೆಯುವವರೆಗೂ ಕಾಯಬೇಕು. ಇಷ್ಟು ಹೊತ್ತೂ ಮಾತಾಡಬಾರದು. ಬಟ್ಟೆ ಹಿಡಿದವಳು ಬಾಯಿ ತೆರೆದರೆ ಎಂಜಲು ಸಿಡಿಯುತ್ತದೆ, ಸಿಡಿದ ಜಾಗದಲ್ಲಿ ಆ ವರ್ಷ ಬಿಡದೆ ಮಳೆ ಹಿಡಿಯುತ್ತದೆ ಎನ್ನುತ್ತಾರೆ. ಹಾಗಾಗಿ ಚಾವಡಿಯ ಚಿತ್ರ ಒರೆಸಲು ಮಾತಿಲ್ಲದವಳೊಬ್ಬಳು ಬೇಕೆಂದಾಗ ಊರವರಿಗೆಲ್ಲ ಒಟ್ಟಿಗೆ ನೆನಪಾದವಳು ನಾನು.

ನನ್ನ ಹೆಸರು ಸಾಕಮ್ಮ. ಐದನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ, ಒಂದು ದಿನ ಹೋಗಲಿಲ್ಲ, ಯಾರೂ ಕೇಳಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ.

ಬೇರೆ ಊರುಗಳಿಗೆ ನಕ್ಷೆ ಇರುತ್ತದಂತೆ. ನಮ್ಮ ಊರಿಗಿರುವುದು ಚಿತ್ರ. ಸುಗ್ಗಿ ಮುಗಿದ ಮೇಲೆ ಕೆರೆ ಏರಿಯ ಮೇಲೆ ನಿಂತು ಊರನ್ನೂ ಹೊಲಗದ್ದೆಗಳನ್ನೂ ಬರೆಯುತ್ತಾರೆ. ಬರೆದದ್ದನ್ನು ಚಾವಡಿಯಲ್ಲಿ ತೂಗುಹಾಕುತ್ತಾರೆ. ಓದುವ ದಿನ ಊರೆಲ್ಲ ಸೇರಿದ ಮೇಲೆ ಒಬ್ಬರು ಕೋಲು ಹಿಡಿದು, ಇದು ಇಂಥವರ ಮನೆ, ಇದು ಇಂಥವರ ಬಾವಿ, ಇದು ಇಂಥವರ ಹುಣಸೆಮರ ಎಂದು ಓದುತ್ತಾರೆ. ಓದಿದ್ದು ಆ ವರ್ಷ ಊರಲ್ಲಿರುತ್ತದೆ. ಓದದೆ ಬಿಟ್ಟದ್ದು ಬಿರುಕು ಬಿಡುವುದೂ ಇಲ್ಲ, ಬೀಳುವುದೂ ಇಲ್ಲ. ಜನರ ಕಣ್ಣು ಅದರ ಮೇಲೆ ನಿಲ್ಲುವುದನ್ನು ಬಿಡುತ್ತದೆ, ಅಷ್ಟೆ. ಎರಡನೆಯ ವರ್ಷವೂ ಬಿಟ್ಟರೆ ಜಾಗ ಬಯಲಾಗುತ್ತದೆ. ಚಾವಡಿಯ ಹಿಂದೆ ಕುಂಬಾರರ ಚೆನ್ನಯ್ಯನ ಮನೆಯಿತ್ತು ಎಂದು ನಮ್ಮವ್ವ ಹೇಳುತ್ತಾಳೆ. ಅಲ್ಲೀಗ ಹುಡುಗರು ಲಗೋರಿ ಆಡುತ್ತಾರೆ. ಚೆನ್ನಯ್ಯ ಎಲ್ಲಿ ಹೋದ ಎಂದು ಕೇಳಿದರೆ, ಯಾವ ಚೆನ್ನಯ್ಯ ಎನ್ನುತ್ತಾರೆ.

ನಮ್ಮ ಮನೆ ಕೆರೆಯ ಕೋಡಿಯ ಪಕ್ಕದಲ್ಲಿದೆ. ಅವ್ವ ಈಚಲ ಗರಿಯ ಪೊರಕೆ ಕಟ್ಟುತ್ತಾಳೆ. ಹೋದ ವರ್ಷದ ಚಿತ್ರದಲ್ಲಿಯೂ ನಮ್ಮ ಮನೆಯಿತ್ತು. ವರ್ಷವರ್ಷವೂ ಚಿತ್ರ ಬರೆದು ಓದುವ ನಾಗಪ್ಪಾಚಾರ್ರು, ಬಾಗಿಲಿಗೆ ಒರಗಿಸಿದ ಪೊರಕೆಯನ್ನೂ ಬಿಡದೆ ಬರೆದಿದ್ದರು. ಆದರೆ ಪಂಚಾಯ್ತಿ ಅಧ್ಯಕ್ಷ ರುದ್ರಮುನಿಯವರು ತಮ್ಮ ಖುಷಿಗೆ ತೇಗದ ಚೌಕಟ್ಟೊಂದನ್ನು ಮಾಡಿಸಿಕೊಟ್ಟರು. ಅಂಗೈಯಗಲದ ಚೌಕಟ್ಟು, ಮೇಲೆ ನವಿಲು, ನವಿಲಿನ ಕೊಕ್ಕಿನಲ್ಲಿ ಅಧ್ಯಕ್ಷರ ಹೆಸರು. ಅದರ ಎಡಗಡೆಯ ಪಟ್ಟಿಯಡಿ ಒಂದು ಬಂಡೆ ಹೋಯಿತು, ಬಲಗಡೆಯ ಪಟ್ಟಿಯಡಿ ನಾವು ಹೋದೆವು. ಓದುವ ದಿನ ಕೋಲು ಕೋಡಿಯವರೆಗೆ ಬಂದು ತೇಗಕ್ಕೆ ಟಕ್ಕೆಂದು ಬಡಿದು ನಿಂತಿತು. ಕೋಲಿಗೆ ಸಿಗದ್ದನ್ನು ಓದುವಂತಿಲ್ಲ.

ಅಂದಿನಿಂದ ಹಾಲಿನವನು ನಮ್ಮ ಬಾಗಿಲಲ್ಲಿ ನಿಲ್ಲಲಿಲ್ಲ. ಪೊರಕೆಗೆ ಬಂದವರು ನಮ್ಮ ಅಂಗಳದಲ್ಲೇ ನಿಂತು, ಇಲ್ಲೆಲ್ಲೋ ಪೊರಕೆಯವಳಿದ್ದಳಲ್ಲ ಎಂದು ಕೂಗುತ್ತಿದ್ದರು. ಇಲ್ಲೇ ಇದೀನಲ್ಲಪ್ಪ ಎಂದು ಅವ್ವ ಅಂದರೆ, ಕಿವಿಗೆ ಗುಂಗಾಡು ಹುಳ ಹೊಕ್ಕವರಂತೆ ಕಿವಿ ಉಜ್ಜಿಕೊಂಡು ಹೊರಟುಹೋಗುತ್ತಿದ್ದರು. ನಾನು ಹಗಲೆಲ್ಲ ಚಾವಡಿಯಲ್ಲಿರುವವಳು, ಚಾವಡಿ ಚಿತ್ರದ ನಡುವೆಯೇ ಇದೆ, ಆದ್ದರಿಂದ ಜನರಿಗೆ ಅಷ್ಟಿಷ್ಟು ಕಾಣುತ್ತಿದ್ದೆ. ಆದರೆ ಒಂದು ಸಂಜೆ ಮನೆಗೆ ಹೊರಟವಳು ಏನೋ ಯೋಚಿಸುತ್ತಾ ನಡೆದು, ತಲೆ ಎತ್ತಿ ನೋಡಿದರೆ ಕೋಡಿ ದಾಟಿ ತೋಪಿನ ಹತ್ತಿರ ನಿಂತಿದ್ದೆ. ನಮ್ಮ ಮನೆಯನ್ನು ನಾನೇ ಹಾದುಹೋಗಿದ್ದೆ. ಅದನ್ನು ಅವ್ವನಿಗೆ ಹೇಳಲಿಲ್ಲ. ಈ ಸಲದ ಚಿತ್ರದಲ್ಲಿ ಹೇಗಾದರೂ ನಾವಿರಬೇಕು ಎಂಬುದು ಅಂದಿನಿಂದ ನನ್ನ ತಲೆಯಲ್ಲಿ ಮುಳ್ಳಿನಂತೆ ಕೂತಿತು.

ಆ ಹೊತ್ತಿಗೆ ನಾಗಪ್ಪಾಚಾರ್ರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವರದು ಒಂಟಿ ಕೂದಲಿನ ಕುಂಚ, ಕೆರೆಯ ಅಂಚು ಎಲ್ಲಿದೆಯೋ ಅಲ್ಲೇ ಗೆರೆ ಎಳೆಯುವ ಕೈ. ಅಧ್ಯಕ್ಷರ ಕಬ್ಬು ವರ್ಷವರ್ಷವೂ ಕೆರೆಯಂಗಳಕ್ಕೆ ಸ್ವಲ್ಪಸ್ವಲ್ಪವೇ ಇಳಿಯುತ್ತಿತ್ತು. ಓದಿದ ಮಾರನೆಯ ಬೆಳಿಗ್ಗೆ, ಗೆರೆ ದಾಟಿದ ಕಬ್ಬು ಮಂಡಿಯುದ್ದ ನೀರಿನಲ್ಲಿ ನಿಂತಿರುತ್ತಿತ್ತು. ಅಧ್ಯಕ್ಷರು ಆಚಾರ್ರ ಕಲೆಯನ್ನು ಸಭೆಯಲ್ಲಿ ಹೊಗಳುತ್ತಿದ್ದರು, ಮನೆಯಲ್ಲಿ ಅವರ ಕೈಗೆ ಲಕ್ವ ಹೊಡೆಯಲಿ ಎನ್ನುತ್ತಿದ್ದರು. ಹೀಗಿರುವಾಗ ಮಗಳ ಸಂಬಂಧ ನೋಡಲು ಯಾವುದೋ ಪೇಟೆಗೆ ಹೋದ ಅಧ್ಯಕ್ಷರು ಅಲ್ಲಿ ದೊಡ್ಡವರೊಬ್ಬರ ಹಜಾರದಲ್ಲಿ ಒಂದು ಚಿತ್ರ ನೋಡಿದರು. ಗದ್ದೆಯ ಚಿತ್ರ, ಆದರೆ ಹುಡುಕಿದರೂ ಒಂದು ಗೆರೆಯಿಲ್ಲ. ಬದುವೆಲ್ಲಿ, ಗಡಿಯೆಲ್ಲಿ, ನೀರೆಲ್ಲಿ ಮುಗಿದು ನೆಲವೆಲ್ಲಿ ಶುರುವಾಯಿತು, ಒಂದೂ ತಿಳಿಯುವುದಿಲ್ಲ. ಸಂಬಂಧ ಕೂಡಿಬರಲಿಲ್ಲ. ಅಧ್ಯಕ್ಷರು ಮಾತ್ರ ಮದುವೆಯೇ ಆದಷ್ಟು ಸಂತೋಷದಿಂದ ವಾಪಸು ಬಂದರು, ಆ ಶೈಲಿ ಕಲಿಸುವ ಮೇಷ್ಟ್ರೊಬ್ಬರನ್ನು ಜೊತೆಗೆ ಕರೆದುಕೊಂಡು.

ಈ ಸಲ ಇಂಪ್ರೆಷನ್ ಎಂಬ ಆ ಶೈಲಿಯ ಚಿತ್ರ, ಕಲಿಯಲು ಮನೆಗೊಬ್ಬರು ಬರಬೇಕು ಎಂದು ತಮಟೆ ಬಡಿದು ಸಾರಿದರು. ನಮ್ಮ ಊರಿನಲ್ಲಿ ಇಂಪ್ರೆಷನ್ ಎಂಬ ಮಾತಿಗೆ ಇರುವುದು ಒಂದೇ ಅರ್ಥ. ಎಡಗೈ ಹೆಬ್ಬೆಟ್ಟಿನ ಇಂಪ್ರೆಷನ್. ಸಹಿ ಹಾಕಲು ಬರುವವರಿಗೆಲ್ಲ ಸಿಟ್ಟು ಬಂತು. ಓದುಬರಹ ಕಲಿತ ನಾವು ಹೆಬ್ಬೆಟ್ಟು ಒತ್ತಬೇಕೇ ಎಂದು ಅಂಗಡಿ ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡರು. ಕೊನೆಗೆ ಮನೆಯಲ್ಲಿ ಯಾರಿಗೆ ಸಹಿ ಬರುವುದಿಲ್ಲವೋ ಅವರನ್ನು ಕಳಿಸಿದರು. ಮುದುಕರು ಬಂದರು, ಸೊಸೆಯಂದಿರು ಬಂದರು, ದನ ಕಾಯುವವರು ಬಂದರು. ಎಲ್ಲರೂ ಎಡಗೈ ಹೆಬ್ಬೆಟ್ಟನ್ನು ಸೀಗೆಪುಡಿ ಹಾಕಿ ತೊಳೆದುಕೊಂಡಿದ್ದರು. ಅಧ್ಯಕ್ಷರ ಹೆಂಡತಿ ಸರ್ವಮಂಗಳಮ್ಮನವರು ತಾವು ಸುಮ್ಮನೆ ಮೇಲುಸ್ತುವಾರಿಗೆ ಬಂದದ್ದು ಎಂದು ಯಾರೂ ಕೇಳದೆಯೇ ಎಲ್ಲರಿಗೂ ಹೇಳಿದರು. ಅವರ ಹೆಬ್ಬೆಟ್ಟೂ ತೊಳೆದು ಹೊಳೆಯುತ್ತಿತ್ತು. ನನ್ನನ್ನು ಬಣ್ಣ ಕಲಸಲು, ಕೈ ಒರೆಸಲು ಬಟ್ಟೆ ಕೊಡಲು ನಿಲ್ಲಿಸಿದರು. ನನಗೆ ಹೆಸರು ಬರೆಯಲು ಬರುತ್ತದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೇಷ್ಟ್ರು ಏರಿಯ ಮೇಲೆ ಕುಂಚಗಳ ಕಟ್ಟು ಬಿಚ್ಚಿ ಹರಡಿದರು. ಯಾರೂ ಮುಟ್ಟಲಿಲ್ಲ. ಎಡಗೈ ಮುಂದೆ ಚಾಚಿ ಕಾಯುತ್ತಾ ನಿಂತರು.

"ಮಸಿ ಎಲ್ಲಿ ಸ್ವಾಮಿ?" ಎಂದು ಸರ್ವಮಂಗಳಮ್ಮನವರು ಕೇಳಿದರು.

"ಕಪ್ಪು ಬಣ್ಣ ನಾವು ಮುಟ್ಟೋದೇ ಇಲ್ಲ ತಾಯಿ. ನೆರಳಲ್ಲೂ ಕಪ್ಪಿರಲ್ಲ. ನೋಡಿ, ಆ ಮರದ ನೆರಳು ನೇರಳೆ ಇದೆ."

"ಕಪ್ಪಿಲ್ದೆ ಹೆಬ್ಬೆಟ್ಟು ಹೆಂಗೆ ಮೂಡುತ್ತೆ?"

ಇದೇನು ವಿಷಯ ಎಂದು ತಿಳಿಯುವಷ್ಟರಲ್ಲಿ ಮೇಷ್ಟ್ರಿಗೆ ಮಧ್ಯಾಹ್ನವಾಯಿತು. ಅವರು ಒಳ್ಳೆಯ ಮನುಷ್ಯ, ಜಗಳ ಆಗದವರು. ಒಬ್ಬ ಮುದುಕ ಹಳದಿಯಲ್ಲಿ ಅದ್ದಿ ಅಭ್ಯಾಸದ ಹಾಳೆಗೆ ಒತ್ತಿದ ಹೆಬ್ಬೆಟ್ಟನ್ನು ಹತ್ತಿರದಿಂದ ನೋಡಿದರು, ಹಿಂದೆ ಸರಿದು ನೋಡಿದರು, ಗಡ್ಡ ಕೆರೆದುಕೊಂಡರು. ಆಮೇಲೆ ಕುಂಚಗಳನ್ನು ತಾವೇ ಮತ್ತೆ ಕಟ್ಟಿಟ್ಟರು.

ಹೆಬ್ಬೆಟ್ಟಿನ ತೊಡಕು ಹೀಗೆ ಮುಗಿಯಿತು, ಚುಕ್ಕಿಯ ತೊಡಕು ಶುರುವಾಯಿತು. ಬಣ್ಣಗಳನ್ನು ಕಲಸಬೇಡಿ, ಗೆರೆ ಎಳೆಯಬೇಡಿ, ಚುಕ್ಕಿ ಚುಕ್ಕಿಯಾಗಿ ಪಕ್ಕಪಕ್ಕದಲ್ಲಿಡಿ, ದೂರದಿಂದ ನೋಡಿದಾಗ ಕಣ್ಣೇ ಸೇರಿಸಿಕೊಳ್ಳುತ್ತದೆ ಎಂದು ಹೇಳಿಕೊಟ್ಟು ಅವರು ನೀರು ಕುಡಿಯಲು ಹೋದರು. ಚುಕ್ಕಿ ಇಡುವುದನ್ನು ನಮ್ಮ ಊರಿನ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಅವರು ವಾಪಸು ಬರುವ ಹೊತ್ತಿಗೆ ಸರ್ವಮಂಗಳಮ್ಮನವರು ಚುಕ್ಕಿಗಳನ್ನೆಲ್ಲ ಸೇರಿಸಿ ಮುಗಿಸಿದ್ದರು. ಹಾಳೆಯಲ್ಲಿ ಭತ್ತದ ಗದ್ದೆಯ ನಡುವೆ ಎಂಟು ದಳದ ಕಮಲ ಅರಳಿತ್ತು, ಸುತ್ತ ಶಂಖದ ಅಂಚು. ಮೇಷ್ಟ್ರು ಏರಿಯ ಕಲ್ಲಿನ ಮೇಲೆ ಕೂತುಬಿಟ್ಟರು.

"ಚುಕ್ಕಿ ಸೇರಿಸ್ದೆ ಬಿಟ್ರೆ ಮನೆಗೆ ಒಳ್ಳೇದಲ್ಲ ಸ್ವಾಮಿ," ಎಂದರು ಸರ್ವಮಂಗಳಮ್ಮ. "ಸಂದೀಲಿ ಏನಾದ್ರೂ ನುಗ್ಗಿಬಿಡುತ್ತೆ."

"ನುಗ್ಗೋದು ಬೆಳಕು ತಾಯಿ."

"ಅದನ್ನೇ ನಾನೂ ಹೇಳ್ತಿರೋದು."

ಮೇಷ್ಟ್ರು ದಿನವೂ ಹೇಳಿಕೊಡುತ್ತಿದ್ದದ್ದು ಒಂದೇ ಪಾಠ. ಕಣ್ಣು ಕಿರಿದು ಮಾಡಿ ನೋಡಿ. ಮನೆ ಎಂದು ನೋಡಬೇಡಿ, ಮರ ಎಂದು ನೋಡಬೇಡಿ, ಹೆಸರು ಮರೆತು ನೋಡಿ. ಹೆಸರಿನಿಂದಲೇ ನಿಂತಿರುವ ಊರಿನಲ್ಲಿ ಇಂಥ ಮಾತಾಡಬಾರದು. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೂ ಹೇಳಿದ್ದಾರಲ್ಲ ಎಂದು ಎಲ್ಲರೂ ಏರಿಯ ಉದ್ದಕ್ಕೂ ನಿಂತು, ಹೊಗೆ ತಾಗಿದವರ ಹಾಗೆ ಕಣ್ಣು ಕಿರಿದು ಮಾಡಿದರು. ನಾನೂ ಮಾಡಿದೆ. ಗುಡ್ಡ ಕರಗಿ ನೀಲಿಯಾಯಿತು. ಕೊಯ್ದ ಗದ್ದೆ ಅರಿಶಿನವೂ ಅಲ್ಲದ, ಕೆಂಪೂ ಅಲ್ಲದ ಒಂದು ಬಣ್ಣವಾಗಿ ಅಲುಗಿತು. ಬಲಗಡೆ ಕೋಡಿಯ ಪಕ್ಕ, ಒಂದು ಹೆಬ್ಬೆಟ್ಟಿನಷ್ಟು ಕಾವಿ, ಅದರಡಿ ನೇರಳೆ ನೆರಳು. ನಮ್ಮ ಮನೆ. ಕಣ್ಣು ಪೂರ್ತಿ ತೆರೆದರೆ ಜಾರಿಹೋಗುತ್ತಿತ್ತು, ಕಿರಿದು ಮಾಡಿದರೆ ಬಂದು ನಿಲ್ಲುತ್ತಿತ್ತು.

"ಆ ಕಾವಿ ಬಣ್ಣದ್ದೇನದು?" ಎಂದು ಮೇಷ್ಟ್ರು ನಾನು ನೋಡುತ್ತಿದ್ದ ಕಡೆಗೇ ಕೈ ತೋರಿಸಿದರು.

ಎಲ್ಲರೂ ಕಣ್ಣು ತೆರೆದು ನೋಡಿದರು. ಅಲ್ಲೇನೂ ಇಲ್ಲ, ಬಯಲು ಎಂದರು. ಬಯಲಿನಿಂದ ಹೊಗೆ ಏಳುತ್ತಿದೆಯಲ್ಲ ಎಂದು ಮೇಷ್ಟ್ರು ಕೇಳಿದರು. ಬಿಸಿಲಿಗೆ ಹಾಗೆ ಕಾಣುತ್ತದೆ, ನೀವು ಹೊಸಬರು ಎಂದು ಸಮಾಧಾನ ಹೇಳಿದರು. ಅದು ನಮ್ಮ ಮನೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೈಯಲ್ಲಿ ಒರೆಸುವ ಬಟ್ಟೆಯಿತ್ತು. ಬಟ್ಟೆ ಹಿಡಿದಾಗ ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಮೇಷ್ಟ್ರಿಗೆ ನಮ್ಮ ಮನೆ ಕಂಡಿತು ಎಂದು ಆ ಸಂಜೆ ಅವ್ವನಿಗೆ ಹೇಳಿದೆ. ಅವಳು ಗರಿ ಸೀಳುತ್ತಿದ್ದವಳು ಕೈ ನಿಲ್ಲಿಸಿದಳು.

"ಏನಂದ?"

"ಹೊಗೆ ಚೆನ್ನಾಗಿದೆ ಅಂತ ಬರಕೊಂಡ್ರು."

"ಹಸಿ ಸೌದೆ ಕಣೇ ಸಾಕಿ. ಇಲ್ಲಿ ನನ್ ಕಣ್ಣು ಕಿತ್ ಬರ್ತಿತ್ತು, ಅವನಿಗೆ ಚೆನ್ನಾಗಿತ್ತಾ," ಎಂದಳು. ಆದರೆ ಮಾರನೆಯ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು, ಬಾಗಿಲ ಮುಂದೆ ನಿಂತಿದ್ದಳು. ಪೊರಕೆ ಕಟ್ಟಲಿಲ್ಲ. ಮೇಷ್ಟ್ರು ಮತ್ತೊಮ್ಮೆ ಈ ಕಡೆ ತಿರುಗಿದರೆ ಇರಲಿ ಎಂದು ಬಿಸಿಲಿಳಿಯುವವರೆಗೂ ನಿಂತೇ ಇದ್ದಳಂತೆ. ಒಲೆಗೆ ಮಾತ್ರ ಬೇಕೆಂದೇ ಹಸಿ ಸೌದೆ ಹಾಕಿದ್ದಳು.

ಆಮೇಲೆ ಚಿತ್ರ ಬರೆಯಲು ದೊಡ್ಡ ಬಟ್ಟೆ ಬಿಗಿದರು, ಎಲ್ಲರಿಗೂ ಪಾಲು ಹಂಚಿದರು. ಇದು ಬರಿಯ ಹೆಬ್ಬೆಟ್ಟಲ್ಲ, ಊರಿನ ಚಿತ್ರವೇ ಇದು ಎಂದು ಸಹಿಯವರಿಗೆ ಗೊತ್ತಾದದ್ದು ಆಗ. ಒಬ್ಬೊಬ್ಬರಾಗಿ ಏರಿಗೆ ಬಂದರು. ನಮ್ಮ ಮನೆಗೆ ಕಿಟಕಿ ಇಲ್ಲವಲ್ಲ ಎಂದರು. ನಮ್ಮ ಎತ್ತಿಗೆ ಕೊಂಬಿಲ್ಲವಲ್ಲ ಎಂದರು. ಹತ್ತಿರದಿಂದ ನೋಡಬೇಡಿ, ಹಿಂದೆ ಹೋಗಿ ನೋಡಿ ಎಂದು ಮೇಷ್ಟ್ರು ಎಲ್ಲರಿಗೂ ಹೇಳುತ್ತಿದ್ದರು. ಹಾಗೆ ಹಿಂದೆ ಹಿಂದೆ ಹೋದ ಅಂಗಡಿ ವೀರಭದ್ರಪ್ಪ ಕೆರೆಗೆ ಬಿದ್ದರು. ಎದೆಮಟ್ಟದ ನೀರಿನಲ್ಲಿ ನಿಂತು ನೋಡಿ, ಹೌದು, ಇಲ್ಲಿಂದ ಕಿಟಕಿ ಕಾಣುತ್ತದೆ ಎಂದು ಒಪ್ಪಿಕೊಂಡರು.

ಅಧ್ಯಕ್ಷರು ಕೊನೆಗೆ ಬಂದರು. ಕೆರೆಯನ್ನೂ ಕಬ್ಬನ್ನೂ ಬರೆದ ಭಾಗವನ್ನು ಬಹಳ ಹೊತ್ತು ನೋಡಿದರು. ಇಲ್ಲಿ ಸ್ವಲ್ಪ ಮಂಜಿರಲಿ ಎಂದರು. ಸುಗ್ಗಿ ಕಾಲದ ನಡುಮಧ್ಯಾಹ್ನ ಮಂಜು ಎಲ್ಲಿಂದ ಬರಬೇಕು ಎಂದು ಮೇಷ್ಟ್ರು ಕೇಳಿದರು.

"ಇಂಪ್ರೆಷನ್ ತಾನೆ ಮೇಷ್ಟ್ರೇ? ನನ್ನ ಇಂಪ್ರೆಷನ್ ಹಂಗಿದೆ."

ಮೇಷ್ಟ್ರು ಬಿಳಿಗೆ ನೀಲಿ ಸೇರಿಸಿ ಕೊಟ್ಟರು. ಸರ್ವಮಂಗಳಮ್ಮನವರು ಕೆರೆಯ ಅಂಚಿನ ಉದ್ದಕ್ಕೂ ಹೆಬ್ಬೆಟ್ಟು ಒತ್ತುತ್ತಾ ಹೋದರು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಅಧ್ಯಕ್ಷರು ಹಿಂದಿನಿಂದ ಹೇಳುತ್ತಿದ್ದರು. ಮಂಜು ಕಬ್ಬನ್ನು ಮುಚ್ಚಿತು, ಕೆರೆಯ ಅಂಚನ್ನು ಮುಚ್ಚಿತು, ಹಾಗೆಯೇ ಬಲಕ್ಕೆ ಹರಿದು ಕೋಡಿಯನ್ನು ದಾಟಿ ಬಟ್ಟೆಯ ಅಂಚಿನವರೆಗೂ ಬಂದಿತು. ನಮ್ಮ ಮನೆ ಇರಬೇಕಾದ ಜಾಗ ಬೆಳ್ಳಗಾಯಿತು.

ಎಲ್ಲರೂ ಊಟಕ್ಕೆಂದು ಮರದಡಿ ಹೋದಾಗ ನಾನು ಬಣ್ಣದ ತಟ್ಟೆಗಳನ್ನು ತೊಳೆಯುತ್ತಿದ್ದೆ. ಮೇಷ್ಟ್ರು ಒಬ್ಬರೇ ಚಿತ್ರದ ಮುಂದೆ ಓಡಾಡುತ್ತಿದ್ದರು. ಬಲಗಡೆ ಬಹಳ ತಣ್ಣಗಾಯಿತು, ಇಲ್ಲೊಂದು ಬೆಚ್ಚನೆಯ ಬಣ್ಣ ಬೇಕು ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ನನ್ನನ್ನು ನೋಡಿದರು. ನಿನ್ನ ಪಾಲು ಯಾವುದಮ್ಮ ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಹಾಗಾದರೆ ಇದನ್ನು ನೀನು ಹಚ್ಚು ಎಂದರು.

ತಟ್ಟೆಯನ್ನು ಕೆಳಗಿಟ್ಟೆ. ಒರೆಸುವ ಬಟ್ಟೆಯನ್ನೂ ಕೆಳಗಿಟ್ಟೆ. ಕಾವಿಗೆ ಚೂರು ಹಳದಿ ತಾಗಿಸಿ, ಎಡಗೈ ಹೆಬ್ಬೆಟ್ಟನ್ನು ಅದ್ದಿ, ಕೋಡಿಯ ಪಕ್ಕದ ಮಂಜಿನ ಮೇಲೆ ಒತ್ತಿದೆ. ಒತ್ತಿ ತಕ್ಷಣ ತೆಗೆಯಲಿಲ್ಲ. ಅದರಡಿ ಕಿರುಬೆರಳಿನಲ್ಲಿ ನೇರಳೆ ಇಟ್ಟೆ. ಬಾಗಿಲಿರಬೇಕಾದ ಕಡೆ ಉಗುರಿನ ತುದಿಯಷ್ಟು ಹಸಿರು ಇಟ್ಟೆ. ಅದು ಅವ್ವನ ಸೀರೆ. ಮೇಷ್ಟ್ರು ಸಾಕು ಎಂದರು. ನನ್ನ ಹೆಸರು ಹಿಡಿದು ಕರೆದರೆಂದುಕೊಂಡು ತಿರುಗಿದೆ. ಅವರು ನೋಡುತ್ತಿದ್ದದ್ದು ಚಿತ್ರವನ್ನು.

ಅದು ನಮ್ಮ ಮನೆ ಎಂದು ಹೇಳಿದೆ. ಹೌದಾ, ಚೆನ್ನಾಗಿದೆ, ಹೊಂದುತ್ತದೆ ಎಂದರು. ಅಧ್ಯಕ್ಷರು ಊಟ ಮುಗಿಸಿ ಬಂದು ಆ ಕೆಂಪಗಿರುವುದೇನು ಎಂದು ವಿಚಾರಿಸಿದಾಗ, ಅದು ಏನೂ ಅಲ್ಲ, ಬರೀ ಬಣ್ಣ ಎಂದದ್ದೂ ಅವರೇ. ಈ ಶೈಲಿಗೆ ಚೌಕಟ್ಟು ಸಲ್ಲದು ಎಂದು ಹಟ ಹಿಡಿದು ನವಿಲಿನ ಚೌಕಟ್ಟನ್ನು ಅಟ್ಟಕ್ಕೆ ಹಾಕಿಸಿದವರೂ ಅವರೇ, ಅದನ್ನು ಮರೆಯಬಾರದು. ಓದುವ ದಿನಕ್ಕೆ ಅವರು ನಿಲ್ಲಲಿಲ್ಲ. ಇನ್ಯಾವುದೋ ಊರಿಗೆ ಗೆರೆಯಿಲ್ಲದ ಚಿತ್ರ ಬೇಕಾಗಿತ್ತಂತೆ.

ಓದುವ ದಿನ ಚಾವಡಿ ತುಂಬಿತ್ತು. ಅವ್ವ ಹಸಿರು ಸೀರೆ ಉಟ್ಟು, ಮಾರಲು ತಂದ ಪೊರಕೆಯ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲ ಪಕ್ಕ ನಿಂತಿದ್ದಳು. ವೀರಭದ್ರಪ್ಪನವರು ಒಳಗೆ ಬರುತ್ತಾ ತಮ್ಮ ಕೊಡೆಯನ್ನು ಅವಳಿಗೆ ಒರಗಿಸಿ ಮುಂದೆ ಹೋಗಿ ಕೂತರು. ಕೊಡೆ ಬೀಳದ ಹಾಗೆ ಅವಳು ಅದನ್ನು ಹಿಡಿದುಕೊಂಡಳು.

ಓದುವ ಹಕ್ಕು ಇನ್ನೂ ನಾಗಪ್ಪಾಚಾರ್ರದೇ. ಅವರನ್ನು ಕೈ ಹಿಡಿದು ಕರೆತಂದರು. ಮೊದಲು ಮೂಗು ತಾಗುವಷ್ಟು ಹತ್ತಿರ ನಿಂತರು, ಏನೂ ಕಾಣಲಿಲ್ಲ. ಹಿಂದೆ ಸರಿದು ನಿಂತು, ಬಾಯಗಲಿಸಿ ನಕ್ಕರು.

"ಇದನ್ನ ಕಲಿಸಕ್ಕೆ ಪೇಟೆಯಿಂದ ಮೇಷ್ಟ್ರನ್ನ ತಂದ್ರಾ? ನಂಗೆ ಪೊರೆ ಬಂದಾಗಿಂದ ಊರು ಕಾಣೋದೇ ಹಿಂಗೆ ಕಣ್ರಯ್ಯಾ."

ಕೋಲೆತ್ತಿ ಓದತೊಡಗಿದರು. ಗುಡ್ಡವನ್ನು ಗುಡ್ಡ ಎಂದೇ ಓದಿದರು. ಚಾವಡಿಯನ್ನೂ ಸರಿಯಾಗಿಯೇ ಓದಿದರು. ವೀರಭದ್ರಪ್ಪನವರ ಮನೆಯ ಮೇಲೆ ಕೋಲಿಟ್ಟು, ಇದು ಹುಲ್ಲಿನ ಬಣವೆ, ದೊಡ್ಡದು ಎಂದರು. ವೀರಭದ್ರಪ್ಪ ಎದ್ದು ನಿಂತು, ಆಚಾರ್ರೇ ಅದು ನಮ್ಮ ಮನೆ, ಕೆರೆಯಿಂದ ನೋಡಿ ಎಂದರು. ಓದಿದ್ದು ಓದಿದ್ದೇ, ವಾಪಸು ತೆಗೆಯಲು ಬರುವುದಿಲ್ಲ. ಹೊರಗಡೆ ಆಗಲೇ ದನಗಳ ಗೊರಸಿನ ಸದ್ದು ಅವರ ಬೀದಿಯ ಕಡೆಗೆ ಹೋಗುತ್ತಿತ್ತು. ಅವರು ಕೊಡೆಯನ್ನೂ ಬಿಟ್ಟು ಓಡಿದರು. ಆಮೇಲೆ ಯಾರೂ ನಗಲಿಲ್ಲ. ಪ್ರತಿಯೊಬ್ಬರೂ ತಮ್ಮ ಚುಕ್ಕಿಯ ಮೇಲೆ ಕಣ್ಣಿಟ್ಟು, ಕೋಲು ಹತ್ತಿರ ಬಂದಾಗ ಮೆಲ್ಲನೆ, ಮನೆ, ಮನೆ ಎಂದು ಗೊಣಗತೊಡಗಿದರು.

ಕೋಲು ಮಂಜಿನ ಮೇಲೆ ಬಂತು. ಅಧ್ಯಕ್ಷರು ಮುಂದಕ್ಕೆ ಬಾಗಿದರು. ಆಚಾರ್ರು ಬಿಳಿನೀಲಿಯ ಮೇಲೆ ಕೋಲನ್ನು ನಿಧಾನವಾಗಿ ಎಳೆಯುತ್ತಾ ಹೋದರು.

"ಇದು ಕೆರೆ," ಎಂದರು. "ಅಬ್ಬಾ, ಈ ವರ್ಷ ತುಂಬಿದೆ. ಇಲ್ಲಿಂದ ಇಲ್ಲೀವರೆಗೂ ನೀರೇ ನೀರು."

ಅಧ್ಯಕ್ಷರ ಮುಖ ಸೀಗೆಪುಡಿಯ ಬಣ್ಣಕ್ಕೆ ತಿರುಗಿತು. ಅವರ ಕಬ್ಬೆಲ್ಲ, ಗೆರೆಯೊಳಗಿದ್ದದ್ದು, ಗೆರೆ ದಾಟಿದ್ದು, ಎಲ್ಲ ಆ ಮಂಜಿನಡಿಯಲ್ಲೇ ಇತ್ತು. ನನಗೆ ಕಬ್ಬಿನ ಯೋಚನೆ ಬರಲಿಲ್ಲ. ಮಂಜು ಎಲ್ಲಿಯವರೆಗೆ ಬಂದಿದೆ ಎಂದು ನನಗೆ ಗೊತ್ತಿತ್ತು. ಆ ನೀರಿನ ನಡುವೆ ಈಗ ಉಳಿದಿದ್ದದ್ದು ಒಂದು ಹೆಬ್ಬೆಟ್ಟಿನಷ್ಟು ಕಾವಿ. ಕೋಲು ಅಲ್ಲಿಗೆ ಬಂದು ನಿಂತಿತು.

"ಇಲ್ಲೇನೋ ಕೆಂಪಗಿದೆಯಲ್ಲ. ಇದು ಯಾರದು?"

ಎಲ್ಲರೂ ಕಣ್ಣು ತೆರೆದು ನೋಡಿದರು. ಕಣ್ಣು ತೆರೆದದ್ದೇ ತಪ್ಪು ಎಂದು ಹೇಳಲು ಮೇಷ್ಟ್ರು ಇರಲಿಲ್ಲ. ಯಾರದೂ ಅಲ್ಲ, ಯಾರೋ ಕೈ ಒರೆಸಿಕೊಳ್ಳುವಾಗ ಹೆಬ್ಬೆಟ್ಟು ತಾಗಿರಬೇಕು ಎಂದರು ಸರ್ವಮಂಗಳಮ್ಮನವರು. ಅಧ್ಯಕ್ಷರಿಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಾಗಿತ್ತು. ಅವರು ನನ್ನ ಕಡೆ ನೋಡದೆ, ಮೂಲೆಯಲ್ಲಿದ್ದ ನೀರಿನ ಬೋಗುಣಿಯ ಕಡೆ ನೋಡಿ, "ಒರೆಸು ಅದನ್ನ," ಎಂದರು.

ನಾನು ಬಟ್ಟೆಯನ್ನು ಬಿಸಿನೀರಿಗೆ ಅದ್ದಿದೆ. ಹಿಂಡಿದೆ. ಜನರ ನಡುವೆ ನಡೆದು ಚಿತ್ರದ ಹತ್ತಿರ ಹೋದೆ. ಈ ಚಿತ್ರಕ್ಕೆ ಮೆರುಗೆಣ್ಣೆ ಹಚ್ಚಿರಲಿಲ್ಲ, ಒಂದು ಸಲ ಸವರಿದರೆ ಸಾಕಾಗಿತ್ತು. ಹತ್ತಿರದಿಂದ ನೋಡಿದರೆ ಅದು ಮನೆಯಾಗಿ ಕಾಣುತ್ತಿರಲಿಲ್ಲ. ನನ್ನ ಬೆರಳಿನ ಸುಳಿಗಳು ಒಂದೊಂದೂ ಬಣ್ಣದಲ್ಲಿ ಮೂಡಿದ್ದವು, ಅದ್ದಿದ ಕಾವಿಯ ಅಂಚಿಗೆ ಹಳದಿ ನಿಂತಿತ್ತು, ಹಸಿರಿನ ತುಣುಕು ಬಾಗಿಲಲ್ಲಿಯೇ ಇತ್ತು. ತಿರುಗಿ ನೋಡಿದೆ. ಬಾಗಿಲ ಪಕ್ಕ ಅವ್ವ ವೀರಭದ್ರಪ್ಪನವರ ಕೊಡೆಯನ್ನು ಹಿಡಿದುಕೊಂಡೇ ನಿಂತಿದ್ದಳು. ಅವಳು ಕಣ್ಣು ಕಿರಿದು ಮಾಡಿಕೊಂಡು ಚಿತ್ರವನ್ನು ನೋಡುತ್ತಿದ್ದಳು.

ಬಟ್ಟೆ ಕೈಯಲ್ಲಿತ್ತು. ನಾನು ಬಾಯಿ ತೆರೆದೆ.

"ತಾತ, ಇದು ನಮ್ಮ ಮನೆ. ಹಂಗಂತ ಓದಿ."

ಆಚಾರ್ರು ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಕೋಲು ಇನ್ನೂ ಅಲ್ಲೇ ಇತ್ತು.